ಒಬ್ಬನದೇ ಕೈವಾಡ ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ: ಬೇರೆ ಬೇರೆ ಊರಲ್ಲಿ ಮೂರು ಕಳ್ಳತನ ಆದರೆ ‘ಇದು ಒಬ್ಬನದೇ ಕೈವಾಡ’ ಎಂದು ಪೊಲೀಸರು ಹೇಳಿದ್ದನ್ನು ಓದುತ್ತೇವೆ. ಬೆರಳಚ್ಚು ಸಿಕ್ಕಿರುವುದಿಲ್ಲ, ನೋಡಿದವರೂ ಇರುವುದಿಲ್ಲ. ಬರೀ ಮಾಡಿದ ರೀತಿ ನೋಡಿ ಹೇಗೆ ಹೇಳುತ್ತಾರೆ? ಅದೇ ರೀತಿ ಇನ್ನೊಬ್ಬನೂ ಮಾಡಬಹುದು ಅಲ್ವಾ?

ಉತ್ತರ: ಖಂಡಿತ ಮಾಡಬಹುದು. ಅದಕ್ಕೇ ತನಿಖೆ ಮಾಡುವವರು ಎರಡು ಪ್ರಶ್ನೆ ಒಟ್ಟಿಗೆ ಕೇಳಿಕೊಳ್ಳಬೇಕು. ಇವನು ಇದನ್ನು ಪ್ರತಿ ಸಲ ಮಾಡುತ್ತಾನಾ? ಬೇರೆಯವರು ಇದನ್ನು ಮಾಡುವುದು ಅಪರೂಪವಾ? ಮೊದಲನೆಯದಕ್ಕೆ ಮಾತ್ರ ‘ಹೌದು’ ಸಿಕ್ಕರೆ ಸಾಲದು.

ಮೇಜಿನ ಡ್ರಾಯರ್‌ಗಳನ್ನೇ ನೋಡಿ. ಮೇಲಿನಿಂದ ಎಳೆಯುತ್ತಾ ಬಂದರೆ, ಕೆಳಗಿನದರೊಳಗೆ ನೋಡಲು ಮೇಲಿನದನ್ನು ಮತ್ತೆ ಮುಚ್ಚಬೇಕು. ಕೆಳಗಿನಿಂದ ಶುರು ಮಾಡಿದರೆ ಯಾವುದನ್ನೂ ಮುಚ್ಚುವ ಗೋಜಿಲ್ಲ. ಕೈ ಪಳಗಿದ ಕಳ್ಳ ಕೆಳಗಿನಿಂದಲೇ ಶುರು ಮಾಡುತ್ತಾನೆ. ಹಾಗಾಗಿ ಎಲ್ಲ ಡ್ರಾಯರ್‌ಗಳೂ ಬಾಯಿ ತೆರೆದು ನಿಂತಿದ್ದರೆ, ಬಂದವನು ಹೊಸಬನಲ್ಲ ಎಂಬ ಅಂದಾಜು ಸಿಗುತ್ತದೆ. ಆದರೆ ಎರಡು ಮನೆಯಲ್ಲಿ ಹೀಗೇ ಇತ್ತು ಅಂತ ಎರಡೂ ಕಡೆ ಬಂದವನು ಒಬ್ಬನೇ ಅನ್ನಲು ಆಗುವುದಿಲ್ಲ. ಪಳಗಿದವರು ಬಹಳ ಜನ ಹೀಗೇ ಮಾಡುತ್ತಾರೆ.

ಬಲ ಬರುವುದು ಹಲವು ಸಣ್ಣ ವಿಷಯಗಳು ಒಂದೇ ಕಟ್ಟಾಗಿ ಮತ್ತೆ ಮತ್ತೆ ಕಂಡಾಗ. ಇಂಗ್ಲೆಂಡಿನ ಜಾರ್ಜ್ ಜೋಸೆಫ್ ಸ್ಮಿತ್ ಪ್ರಕರಣ ನೂರು ವರ್ಷಕ್ಕಿಂತ ಹಳೆಯದು. ಆದರೂ ಇದನ್ನು ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1912ರಲ್ಲಿ ಹರ್ನ್ ಬೇ, 1913ರಲ್ಲಿ ಬ್ಲ್ಯಾಕ್‌ಪೂಲ್, 1914ರಲ್ಲಿ ಲಂಡನ್ನಿನ ಹೈಗೇಟ್. ಮೂರು ಕಡೆಯೂ ಒಬ್ಬ ಹೆಂಗಸು ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಳು. ಮೂರೂ ಆಕಸ್ಮಿಕ ಎಂದು ದಾಖಲಾದವು. ಮೂರು ಕಡೆಯೂ ಗಂಡ ಈ ಸ್ಮಿತ್‌ನೇ, ಹೇಳಿಕೊಂಡ ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು. ಆದರೆ ಸಾವಿಗೆ ಮೊದಲು ಆತ ಹೆಂಡತಿಯಿಂದ ವಿಲ್ ಬರೆಸಿದ್ದ ಅಥವಾ ವಿಮೆ ಮಾಡಿಸಿದ್ದ. ತಲೆನೋವು, ಫಿಟ್ಸ್ ಅಂತ ಆಕೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಮೊದಲ ಸಲ ಮನೆಗೆ ತೊಟ್ಟಿಯನ್ನೇ ತರಿಸಿದ್ದ. ಆಮೇಲೆ ಬಾಡಿಗೆ ಕೋಣೆ ಹುಡುಕುವಾಗ ಸ್ನಾನದ ತೊಟ್ಟಿ ಇದೆಯಾ ಎಂದು ವಿಚಾರಿಸುತ್ತಿದ್ದ. ಸಾವಿನ ಹೊತ್ತಿಗೆ ಏನನ್ನೋ ತರಲು ಹೊರಗೆ ಹೋಗಿದ್ದೆ ಎನ್ನುತ್ತಿದ್ದ. ಒಮ್ಮೆ ಮೀನು, ಒಮ್ಮೆ ಮೊಟ್ಟೆ, ಒಮ್ಮೆ ಟೊಮೆಟೊ.

ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. ಮದುವೆಯಾದವರು ವಿಮೆ ಮಾಡಿಸುತ್ತಾರೆ. ತಲೆನೋವೆಂದರೆ ಡಾಕ್ಟರಿಗೆ ತೋರಿಸುತ್ತಾರೆ. ಇಷ್ಟೂ ಒಟ್ಟಿಗೆ ಮೂರು ಸಲ ನಡೆಯಿತು ಎಂದಾಗ ಆಕಸ್ಮಿಕ ಎನ್ನುವ ಮಾತು ನಿಲ್ಲುವುದಿಲ್ಲ. ಬ್ಲ್ಯಾಕ್‌ಪೂಲ್‌ನಲ್ಲಿ ಸತ್ತ ಹೆಂಡತಿಯ ತಂದೆ ಮೂರನೆಯ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದರು. ಮಗಳು ಸತ್ತಿದ್ದೂ ಹೀಗೇ ಅಲ್ಲವೇ ಅನ್ನಿಸಿತು. ಪೊಲೀಸರಿಗೆ ತಿಳಿಸಿದರು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೂರೂ ಸಾವು ಮೂರು ಊರಿನ ಕಡತಗಳಲ್ಲಿ ಸುಮ್ನೆ ಬಿದ್ದಿದ್ದವು, ಜೋಡಿಸುವ ಕೆಲಸ ಶುರುವಾಗಲು ಮಗಳನ್ನು ಕಳೆದುಕೊಂಡ ತಂದೆ ಬೇಕಾಯಿತು. ಸ್ಮಿತ್‌ಗೆ 1915ರಲ್ಲಿ ಗಲ್ಲಾಯಿತು.

ಒಂದು ಎಚ್ಚರಿಕೆ. ಕೃತ್ಯದ ವಿಧಾನ, ಅಂದರೆ ಪೊಲೀಸರ ಮಾತಿನಲ್ಲಿ ‘ಎಂ.ಒ.’, ಬದಲಾಗುತ್ತದೆ. ಅದು ಕೆಲಸ ಮುಗಿಸಿ ಸಿಕ್ಕಿಬೀಳದೆ ಹೋಗುವ ದಾರಿ. ಒಮ್ಮೆ ಎಡವಿದವನು ಮುಂದಿನ ಸಲ ಬೇರೆ ದಾರಿ ಹಿಡಿಯುತ್ತಾನೆ. ಇಂಗ್ಲೆಂಡಿನಲ್ಲೇ ಪೀಟರ್ ಸಟ್‌ಕ್ಲಿಫ್ ಎಂಬ ಸರಣಿ ಹಂತಕ ಹೆಚ್ಚಾಗಿ ಸುತ್ತಿಗೆಯಿಂದ ಹೊಡೆದು ಕೊಲ್ಲುತ್ತಿದ್ದ. 1980ರಲ್ಲಿ ಒಬ್ಬ ಮಹಿಳೆಯನ್ನು ಹಗ್ಗದಿಂದ ಕೊಂದ. ಆಯುಧ ಬೇರೆ ಎಂದು ಆ ಕೊಲೆಯನ್ನು ಪೊಲೀಸರು ಮೊದಲು ಸರಣಿಗೆ ಸೇರಿಸಲೇ ಇಲ್ಲ. ಸಿಕ್ಕಿಬಿದ್ದ ಮೇಲೆ ಅವನೇ ಒಪ್ಪಿಕೊಂಡ.

ಇನ್ನೊಂದು ಬಗೆಯ ನಡವಳಿಕೆ ಇದೆ. ಕೃತ್ಯಕ್ಕೆ ಅದು ಬೇಕಾಗಿಯೇ ಇರುವುದಿಲ್ಲ, ಮಾಡುವವನ ಮನಸ್ಸಿಗೆ ಬೇಕು. ಇದನ್ನು ‘ಸಿಗ್ನೇಚರ್’ ಅನ್ನುತ್ತಾರೆ. ಪುಸ್ತಕದಲ್ಲಿ ಇವೆರಡನ್ನೂ ಬೇರೆ ಮಾಡುವುದು ಸುಲಭ, ನಿಜದಲ್ಲಿ ಅಷ್ಟು ಸುಲಭವಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೆಗೆ ನುಗ್ಗುತ್ತಿದ್ದ ಅತ್ಯಾಚಾರಿಯೊಬ್ಬ ಗಂಡನನ್ನು ಕಟ್ಟಿ ಬೋರಲು ಮಲಗಿಸುತ್ತಿದ್ದ. ಬೆನ್ನ ಮೇಲೆ ತಟ್ಟೆ, ಕಪ್ ಪೇರಿಸುತ್ತಿದ್ದ. ಅಲುಗಿದ ಸದ್ದು ಕೇಳಿದರೆ ಕೊಲ್ಲುತ್ತೇನೆ ಎನ್ನುತ್ತಿದ್ದ. ಅದು ಉಪಾಯವೋ, ಹೆದರಿಸಿ ಖುಷಿಪಡುವ ಚಾಳಿಯೋ? ಎರಡೂ ಇರಬಹುದು. ಬೇರೆಯವರು ಮಾಡದ ಕೆಲಸ ಎಂಬುದೇ ಇಲ್ಲಿ ಮುಖ್ಯ. ಕ್ಯಾಲಿಫೋರ್ನಿಯಾದ ಉತ್ತರ ಭಾಗದ ಈ ಅತ್ಯಾಚಾರಗಳನ್ನೂ ದಕ್ಷಿಣ ಭಾಗದಲ್ಲಿ ನಡೆದ ಕೊಲೆಗಳನ್ನೂ ಮಾಡಿದವನು ಒಬ್ಬನೇ ಎಂದು 2001ರಲ್ಲಿ ಡಿಎನ್‌ಎ ತೋರಿಸಿತು. ಆ ಒಬ್ಬ, ಜೋಸೆಫ್ ಡಿಆಂಜೆಲೊ, ಸಿಕ್ಕಿದ್ದು 2018ರಲ್ಲಿ.

ಅಪರೂಪ ಯಾವುದು ಅಂತ ತಿಳಿಯಲು ಉಳಿದ ಪ್ರಕರಣಗಳಲ್ಲಿ ಏನಾಯಿತು ಅನ್ನುವುದು ಕಣ್ಣ ಮುಂದಿರಬೇಕು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 1985ರಲ್ಲಿ ವೈಕ್ಯಾಪ್ ಎಂಬ, ಬೇರೆ ಬೇರೆ ಊರಿನ ಅಪರಾಧಗಳ ವಿವರವನ್ನು ಒಂದೆಡೆ ಸೇರಿಸಿ ಹೋಲಿಸುವ ಕಂಪ್ಯೂಟರ್ ವ್ಯವಸ್ಥೆ ಶುರು ಮಾಡಿದ್ದು ಇದಕ್ಕೇ. ಆದರೆ ಕಂಪ್ಯೂಟರ್ ಹುಡುಕುವುದು ಬರೆದಿಟ್ಟಿದ್ದನ್ನು ಮಾತ್ರ. ಸ್ಥಳಕ್ಕೆ ಮೊದಲು ಹೋದವರು ‘ಮನೆ ಚೆಲ್ಲಾಪಿಲ್ಲಿಯಾಗಿತ್ತು’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡರೆ ಕಥೆ ಅಲ್ಲಿಗೇ ಮುಗಿಯಿತು. ಗಂಟು ಯಾವ ಥರದ್ದು, ಏನನ್ನು ಮುಟ್ಟದೆ ಬಿಟ್ಟ, ಯಾವ ಮಾತನ್ನು ಎರಡು ಸಲ ಹೇಳಿದ, ಇದನ್ನೆಲ್ಲ ಬರೆಯಬೇಕು. ಆ ಗಳಿಗೆಯಲ್ಲಿ ಬೇಡವೆನಿಸಿದ್ದೇ ಎಷ್ಟೋ ವರ್ಷದ ಮೇಲೆ ಬೇಕಾಗುತ್ತದೆ.

ಪ್ರಶ್ನೆ: ಹಾಗಾದರೆ ಇಂಥ ಹೋಲಿಕೆ ಸಿಕ್ಕಿದರೆ ಆರೋಪಿಯನ್ನು ಶಿಕ್ಷಿಸಲು ಅಷ್ಟು ಸಾಕೇ?

ಉತ್ತರ: ಅಷ್ಟೇ ಇದ್ದರೆ ಸಾಕೆಂದು ನಾನಂತೂ ಒಪ್ಪುವುದಿಲ್ಲ. ಎರಡು ಕೃತ್ಯ ಮಾಡಿದವನು ಒಬ್ಬನೇ ಇರಬೇಕು ಎಂದು ಹೋಲಿಕೆ ಹೇಳಬಹುದು. ಆ ಒಬ್ಬ ಯಾರು ಎಂದು ಹೇಳುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983 ಮತ್ತು 1986ರಲ್ಲಿ ಹದಿನೈದು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಎರಡೂ ಒಬ್ಬನದೇ ಕೆಲಸ ಎಂದು ಪೊಲೀಸರು ನಂಬಿದ್ದರು. ಹದಿನೇಳು ವರ್ಷದ ಒಬ್ಬ ಹುಡುಗ ಎರಡನೆಯದನ್ನು ತಾನೇ ಮಾಡಿದ್ದು ಎಂದು ಒಪ್ಪಿಕೊಂಡ. ಮೊದಲನೆಯದೂ ಅವನದೇ ಎಂದು ತೋರಿಸಲು ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿಯ ಹೊಸ ಡಿಎನ್‌ಎ ಪರೀಕ್ಷೆ ಮಾಡಿಸಿದರು. ಎರಡೂ ಕೊಲೆ ಮಾಡಿದವನು ಒಬ್ಬನೇ ಎಂಬುದು ಸರಿಯಾಗಿತ್ತು. ಆದರೆ ಆ ಒಬ್ಬ ಈ ಹುಡುಗ ಆಗಿರಲಿಲ್ಲ. ಅವನನ್ನು ಬಿಟ್ಟುಬಿಟ್ಟರು. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ 1987ರಲ್ಲಿ ಸಿಕ್ಕ.