ಕಡು ಹಸಿರೋ, ತಿಳಿ ಹಳದಿಯೋ?

ಪ್ರಶ್ನೆ: ನಮ್ಮದು ಹಳೇ ಹೆಂಚಿನ ಮನೆ, ರೆಡ್ ಆಕ್ಸೈಡ್ ನೆಲ. ದೀಪಾವಳಿಯೊಳಗೆ ಪಡಸಾಲೆಗೆ ಬಣ್ಣ ಬಳಿಸಬೇಕು. ಇರುವುದು ಎರಡೇ ಕಿಟಕಿ, ಎರಡೂ ಉತ್ತರಕ್ಕೆ. ನನಗೆ ಕಡು ಹಸಿರು ಇಷ್ಟ. ಅತ್ತೆಯವರಿಗೆ ತಿಳಿ ಹಳದಿಯೇ ಆಗಬೇಕು. ಯಾವುದು ಸರಿ?
– ಓದುಗರೊಬ್ಬರು, ಸಾಗರ

ಉತ್ತರ: ಈ ಪಡಸಾಲೆಯ ಮಟ್ಟಿಗೆ ನಾನು ನಿಮ್ಮ ಅತ್ತೆಯವರ ಕಡೆ. ಉತ್ತರದ ಕಿಟಕಿಯಲ್ಲಿ ನೇರ ಬಿಸಿಲು ಕಡಿಮೆ, ಬರುವ ಬೆಳಕೂ ತುಸು ನೀಲಿ. ಅದರ ಮೇಲೆ ತಗ್ಗಿದ ಸೂರು, ನಿಮ್ಮೂರಿನ ಮಳೆಗಾಲ ಬೇರೆ. ಕಡು ಹಸಿರು ಆ ಇದ್ದಷ್ಟು ಬೆಳಕನ್ನೂ ನುಂಗಿಬಿಡುತ್ತದೆ.

ತೀರ್ಥಹಳ್ಳಿಯ ನನ್ನ ತವರಿನಲ್ಲಿ ಹೀಗೇ ಆಯಿತು. ಶೇಡ್ ಕಾರ್ಡ್ ನೋಡಿ ಬೂದು ಬಣ್ಣ ಬಳಿಸಿದೆವು. ಕಾರ್ಡಿನಲ್ಲಿ ಬೆಳ್ಳಿಯ ಹಾಗೆ ಇತ್ತು. ಆಷಾಢ ಬಂದಾಗ ಅಮ್ಮ ಅಕ್ಕಿ ಆರಿಸಲು ಮೊರ ಹಿಡಿದು ಜಗಲಿಗೆ ಬರಬೇಕಾಯಿತು. ಒಳಗೆ ಕಲ್ಲು ಕಾಣುತ್ತಿರಲಿಲ್ಲ. ಮರುವರ್ಷ ಮತ್ತೆ ಖರ್ಚು.

ಹಾಗಂತ ಹಳದಿಯನ್ನೂ ಸುಮ್ನೆ ಕಾರ್ಡ್ ನೋಡಿ ಒಪ್ಪಬೇಡಿ. ಬೆರಳಗಲದ ಚೂರಿನಲ್ಲಿ ತಿಳಿಯಾಗಿ ಕಂಡದ್ದು ನಾಲ್ಕು ಗೋಡೆ ತುಂಬಿದಾಗ ಜಾಸ್ತಿ ಗಾಢವಾಗುತ್ತದೆ. ನಿಮ್ಮ ಕೆಂಪು ನೆಲವೂ ಗೋಡೆಯ ಕೆಳಭಾಗಕ್ಕೆ ತನ್ನ ಬಣ್ಣ ಚೆಲ್ಲುತ್ತದೆ, ಹಳದಿ ಅಲ್ಲಿ ಕಿತ್ತಳೆಗೆ ತಿರುಗುತ್ತದೆ. ಮನಸ್ಸಿಗೆ ಬಂದ ಹಳದಿಗಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ಆರಿಸಿ.

ಎರಡಡಿ ಅಗಲದ ಎರಡು ಬಿಳಿ ರಟ್ಟು ತಂದು ಎರಡೂ ಬಣ್ಣಗಳನ್ನು ಎರಡೆರಡು ಕೋಟ್ ಬಳಿಯಿರಿ. ಚೆನ್ನಾಗಿ ಒಣಗಲಿ. ಒಂದು ದಿನ ಕಿಟಕಿ ಪಕ್ಕ, ಇನ್ನೊಂದು ದಿನ ಕತ್ತಲೆ ಮೂಲೆಯಲ್ಲಿ ನೆಲಕ್ಕೆ ತಾಗಿಸಿ ಇಡಿ. ಬೆಳಿಗ್ಗೆ, ಸಂಜೆ, ದೀಪ ಹಾಕಿದ ಮೇಲೆ ನೋಡಿ. ಬಲ್ಬಿನ ಡಬ್ಬದ ಮೇಲೆ 6500 ಕೆ ಎಂದಿದ್ದರೆ ಅದು ಬಿಳಿ ಬೆಳಕು, ಹಳದಿ ಅದರಲ್ಲಿ ಸಪ್ಪೆಯಾಗುತ್ತದೆ. 3000 ಕೆ ಬಲ್ಬು ಹಾಕಿದರೆ ಅದೇ ಗೋಡೆ ಬೆಚ್ಚಗೆ ಕಾಣುತ್ತದೆ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.

ಇನ್ನೊಂದು ಮಾತು, ದೀಪಾವಳಿ ಅಂತ ಅವಸರ ಮಾಡಬೇಡಿ. ಮಳೆ ಕುಡಿದ ಗೋಡೆ ಒಣಗಲು ವಾರಗಟ್ಟಲೆ ಬೇಕು. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಟ್ಟಿದ್ದರೆ ಪೇಂಟರಿಗೆ ಇನ್ನೂ ಬರಬೇಡಿ ಅನ್ನಿ. ಹಸಿ ಗೋಡೆ ಉಪ್ಪು ಬಿಡುತ್ತದೆ, ಬಣ್ಣ ಏಳುತ್ತದೆ.

ನಿಮ್ಮ ಹಸಿರನ್ನು ಕೈಬಿಡಬೇಕಾಗಿಲ್ಲ. ಪೂರ್ವಕ್ಕೋ ದಕ್ಷಿಣಕ್ಕೋ ಕಿಟಕಿಯಿರುವ ಕೋಣೆ ಇದ್ದರೆ ಅಲ್ಲಿ ಒಂದು ಗೋಡೆಗೆ ಬಳಿಸಿ. ಕೆಂಪು ನೆಲದ ಎದುರು ಕಡು ಹಸಿರು ತುಂಬಾ ಚೆಂದ.