ಅಮೆರಿಕಾದ ಕಮ್ಯುನಿಟಿ ಕಾಲೇಜಿನಾಗ ಸೀಟ್ ಸಿಗ್ತೈತೇನ್ರಿ?

ಪ್ರಶ್ನೆ: ಸರ್, ತಂಗಿ ಪಿಯುಸಿ ಸೈನ್ಸ್‌ದಾಗ 58 ಪರ್ಸೆಂಟ್ ಮಾಡ್ಯಾಳ, ಕ್ಯಾಲಿಫೋರ್ನಿಯಾದಾಗಿರೋ ಕಾಕಾ ಅಲ್ಲೇ ಕಮ್ಯುನಿಟಿ ಕಾಲೇಜಿಗೆ ಹಚ್ಚೂಣು ಅಂತಾರ, ಇಷ್ಟ ಮಾರ್ಕ್ಸಿಗೆ ತಗೋತಾರೇನ್ರಿ?
- ಓದುಗರೊಬ್ಬರು, ವಿಜಯಪುರ

ಉತ್ತರ: ತಗೋತಾರ್ರಿ. ಕಮ್ಯುನಿಟಿ ಕಾಲೇಜ್ ಅಂದ್ರ ಅಲ್ಲಿನ 2 ವರ್ಷದ ಸರ್ಕಾರಿ ಕಾಲೇಜು, ಬಹಳಷ್ಟು ಕಡೆ ಓಪನ್ ಅಡ್ಮಿಷನ್, ಹೈಸ್ಕೂಲ್ (ಅಲ್ಲಿ 12ನೇತ್ತೆ, ನಮ್ಮ ಪಿಯುಸಿ ಇದ್ದಂಗ) ಮುಗಿಸಿದ್ರ ಸಾಕು, ಎಸ್‌ಎಟಿ ಅನ್ನೋ ಪ್ರವೇಶ ಪರೀಕ್ಷೆ ಕೇಳಂಗಿಲ್ಲ, ನಮ್ಮ ಸಿಇಟಿ ರ‍್ಯಾಂಕಿನ ಗದ್ದಲ ಅಲ್ಲಿಲ್ಲ. ಆದ್ರ ನರ್ಸಿಂಗ್ ಬ್ಯಾರೇನ ಮಾತು, ಸೀಟ್ ಕಡಿಮಿ, ಮದ್ಲ ಅನಾಟಮಿ ಫಿಸಿಯಾಲಜಿ ಪಾಸ್ ಮಾಡಿ ಆಮ್ಯಾಲ ಮತ್ತ ಅರ್ಜಿ ಹಾಕ್ಬೇಕು, ಕೆಲವು ಕಡೆ ಲಾಟರಿನೂ ಎತ್ತತಾರ! ನಿಮಗ ಖರೇ ತ್ರಾಸು ಆಗೋದು ರೊಕ್ಕದ್ದು, ಹೊರದೇಶದವ್ರಿಗೆ ಫೀ ಜಾಸ್ತಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿದ್ರನ ಐ-20 (ವಿದ್ಯಾರ್ಥಿ ವೀಸಾಕ್ಕ ಕಾಲೇಜ್ ಕೊಡೋ ಪತ್ರ) ಬರ್ತೈತಿ, ಅದಿಲ್ದ ವೀಸಾ ಇಲ್ಲ. 2 ವರ್ಷ ಚಲೋ ಗ್ರೇಡ್ ತಗೊಂಡ್ರ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬಹುದು, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯೂಸಿ) ಡೇವಿಸ್ ಕ್ಯಾಂಪಸ್ ಷರತ್ತು ಮುಟ್ಟಿದವ್ರಿಗೆ ಸೀಟಿನ ಗ್ಯಾರಂಟಿ ಕೊಡ್ತೈತಿ, ಅದರದ ಬರ್ಕ್ಲಿ ಕ್ಯಾಂಪಸ್ ಕೊಡಂಗಿಲ್ಲ.