ಜೇಬಿನಲ್ಲಿ ಕಾಫಿ ಪುಡಿ ಡಬ್ಬಿ

ಈ ಸಲ ಬಂದ ಪತ್ರಗಳೆಲ್ಲ ಕತ್ತಿನಿಂದ ಮೇಲಿನವೇ. ಮೂಗು, ಬಾಯಿ, ಕಿವಿ, ತಲೆ. ಮಂಡಿ ನೋವಿನವರು ಇನ್ನೊಂದು ತಿಂಗಳು ಕಾಯಬೇಕು. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಕೊಡಗಿನ ನಾಪೋಕ್ಲು ಹತ್ತಿರ ಸಣ್ಣ ಕಾಫಿ ತೋಟ ಇದೆ. ಫೆಬ್ರವರಿಯಲ್ಲಿ ಕರಿಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ದೆ. ತಲೆಯ ಹಿಂಭಾಗಕ್ಕೆ ಏಟು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂತ ಮರುದಿನವೇ ಮನೆಗೆ ಕಳಿಸಿದರು. ಮಾರ್ಚ್‌ನಲ್ಲಿ ಹೂಮಳೆ ಬಂತು, ತೋಟವೆಲ್ಲ ಬೆಳ್ಳಗಾಯಿತು. 'ಎಂಥ ಪರಿಮಳ ನೋಡಿ' ಅಂತ ಹೆಂಡತಿ ಅಂದಾಗಲೇ ಗೊತ್ತಾಗಿದ್ದು, ನನಗೆ ವಾಸನೆಯೇ ಇಲ್ಲ. ಪಂದಿಕರಿ ತಿಂದರೂ ಉಪ್ಪು, ಹುಳಿ, ಖಾರ ಅಷ್ಟೇ. ಮೆದುಳಿಗೆ ಏಟಾಗಿದೆಯಾ?

ಉತ್ತರ: ಕಾಫಿ ತೋಟದವರಿಗೆ ಹೂವಿನ ವಾಸನೆ ಹೋಯಿತು ಅಂದರೆ ಅದು ಸಣ್ಣ ಮಾತಲ್ಲ. ವರ್ಷಕ್ಕೊಮ್ಮೆ, ಅದೂ ಕೆಲವೇ ದಿನ ಸಿಗುವ ವಾಸನೆ ಅದು.

ಮೂಗಿನ ಅಟ್ಟಕ್ಕೆ ಹತ್ತಿ ನೋಡೋಣ. ಎರಡು ಕಣ್ಣುಗಳ ನಡುವೆ, ಒಳಗೆ, ಜರಡಿಯಂಥ ಒಂದು ತೆಳು ಮೂಳೆ ಇದೆ. ಅದರ ಕೆಳಗೆ ಮೂಗು, ಮೇಲೆ ಮೆದುಳು. ವಾಸನೆ ಹಿಡಿಯುವ ನರದ ಎಳೆಗಳು ಆ ಜರಡಿಯ ತೂತುಗಳಲ್ಲಿ ಹಾದು ಮೇಲೆ ಹೋಗುತ್ತವೆ. ತಲೆಯಿಂದಲೇ ಹೊರಡುವ 12 ಜೋಡಿ ನರಗಳಲ್ಲಿ ಇದು ಒಂದನೆಯದು. ಎಳೆ ಅಂದೆನಲ್ಲ, ನಿಜವಾಗಿಯೂ ಎಳೆಯೇ. ಜಗ್ಗಿದರೆ ಕಿತ್ತು ಬರುವಷ್ಟು ನವುರು.

ಮೆದುಳನ್ನೇನು ಬುರುಡೆಯೊಳಗೆ ಸಿಮೆಂಟ್ ಹಾಕಿ ಕೂರಿಸಿಲ್ಲ. ಸುಮಾರು 1,400 ಗ್ರಾಂ ತೂಕದ ಮೆತ್ತನೆ ಮುದ್ದೆ ಅದು. ತಿಳಿ ನೀರಿನಲ್ಲಿ ತೇಲುತ್ತಿರುತ್ತದೆ. ಜೀಪಿನಲ್ಲಿ ಗಟ್ಟಿ ಮೊಸರಿನ ಪಾತ್ರೆ ಇಟ್ಟುಕೊಂಡು ಹೋಗುವಾಗ ತಟ್ಟನೆ ಬ್ರೇಕ್ ಹಾಕಿ ನೋಡಿ. ಪಾತ್ರೆ ನಿಲ್ಲುತ್ತದೆ, ಮೊಸರು ನಿಲ್ಲಲ್ಲ. ನಿಮ್ಮ ತಲೆಯ ಹಿಂಭಾಗ ನೆಲಕ್ಕೆ ಬಡಿದಾಗ ಆದದ್ದೂ ಅದೇ. ಮೆದುಳು ಹಿಂದಕ್ಕೂ ಮುಂದಕ್ಕೂ ತೂಗಿತು, ಜರಡಿಯ ಬಾಯಲ್ಲಿ ಎಳೆಗಳು ಕತ್ತರಿಸಿ ಹೋಗಿರಬೇಕು. ಹಣೆಗೆ ಬಿದ್ದ ಏಟಿಗಿಂತ ಹಿಂದೆ ಬಿದ್ದ ಏಟೇ ವಾಸನೆಗೆ ಜಾಸ್ತಿ ಅಪಾಯ. ಕೇಳಿದರೆ ಉಲ್ಟಾ ಅನ್ನಿಸುತ್ತದೆ, ಆದರೆ ಹಾಗೆಯೇ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಇಷ್ಟು ಸಣ್ಣ ಎಳೆ ಕಾಣುವುದಿಲ್ಲ. ಅವರು 'ಏನೂ ಇಲ್ಲ' ಅಂದದ್ದು ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ ಅನ್ನುವ ಅರ್ಥದಲ್ಲಿ.

ಇನ್ನು ಪಂದಿಕರಿ. ನಾಲಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಮಾಂಸದ ಸಾರಿನಲ್ಲಿ ಬರುವ ಒಂಥರಾ ರುಚಿ. ಐದೇ. ಪಂದಿಕರಿಗೆ ಹಾಕುವ ಕಾಚಂಪುಳಿಯ ಹುಳಿ ನಿಮಗೆ ಸಿಗುತ್ತದೆ. ಆದರೆ ಹುರಿದ ಮಸಾಲೆಯ ಘಮ ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರಬೇಕು. ಏರುತ್ತದೆ ಕೂಡ, ಆದರೆ ಅಲ್ಲಿ ಹಿಡಿದುಕೊಳ್ಳುವವರಿಲ್ಲ. ಖಾರ ಮಾತ್ರ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಅದು ಉರಿ. ಮುಖ, ಮೂಗು, ಬಾಯಿಯ ಉರಿ ನೋವನ್ನೆಲ್ಲ ಒಯ್ಯುವುದು ಐದನೇ ನರ. ಗಾಂಧಾರಿ ಮೆಣಸು ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡವರಿಗೆ ಈ ನರದ ಪರಿಚಯ ಚೆನ್ನಾಗಿಯೇ ಇರುತ್ತದೆ.

ಇದರಲ್ಲಿ ನಾನೇ ಎಡವಿದ್ದೇನೆ. ಕಲಿಯುವ ದಿನಗಳಲ್ಲಿ ಇಂಥದೇ ಒಬ್ಬ ರೋಗಿಯ ಮೂಗಿಗೆ ಸ್ಪಿರಿಟ್ ಹಿಡಿದೆ. ಆತ ತಲೆ ಹಿಂದಕ್ಕೆಳೆದು ಸೀನಿದ. 'ವಾಸನೆ ಸರಿಯಾಗಿದೆ' ಅಂತ ಬರೆದುಬಿಟ್ಟೆ. ನಮ್ಮ ಹಿರಿಯ ಡಾಕ್ಟರು ಓದಿ, 'ನೀನು ಪರೀಕ್ಷೆ ಮಾಡಿದ್ದು ಐದನೇ ನರವನ್ನು ಕಣಯ್ಯ, ಒಂದನೆಯದನ್ನಲ್ಲ' ಅಂದರು. ವಾಸನೆ ಪೂರ್ತಿ ಹೋದವನಿಗೂ ಸ್ಪಿರಿಟ್ ಚುಚ್ಚುತ್ತದೆ. ಚುಚ್ಚದ ವಾಸನೆ ಬೇಕು. ಅವತ್ತಿನಿಂದ ಜೇಬಿನಲ್ಲಿ ಕಾಫಿ ಪುಡಿಯ ಪುಟ್ಟ ಡಬ್ಬಿ ಇಟ್ಟುಕೊಂಡಿದ್ದೇನೆ. ಊರಿನ ಅಭಿಮಾನ ಅಂದುಕೊಳ್ಳಬೇಡಿ, ಬೇರೆ ಕಡೆಯ ಡಾಕ್ಟರುಗಳೂ ಇದಕ್ಕೆ ಕಾಫಿ ಪುಡಿ ಬಳಸುತ್ತಾರೆ.

ವಾಸನೆ ಮರಳುತ್ತದಾ? ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಹಾಗಾಗಿ ಆಸೆ ಬಿಡಬೇಕಿಲ್ಲ. ಆದರೆ ಏಟು ಬಿದ್ದು ಹೋದದ್ದು ಎಲ್ಲರಿಗೂ ಬರುವುದಿಲ್ಲ. ಕೆಲವರಿಗೆ ಸ್ವಲ್ಪ ಬರುತ್ತದೆ, ಬರುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ. ಒಂದು ಅಭ್ಯಾಸ ಮಾಡಿ. ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಒಂದೊಂದನ್ನೂ ಅರ್ಧ ನಿಮಿಷದಷ್ಟು ಹೊತ್ತು ಮೂಸಿ. ಆ ವಾಸನೆ ಮೊದಲು ಹೇಗಿತ್ತು ಅಂತ ಮನಸ್ಸಿನಲ್ಲೇ ನೆನೆಸಿಕೊಳ್ಳಿ. ಮೂರು ನಾಲ್ಕು ತಿಂಗಳಾದರೂ ಬಿಡಬೇಡಿ. ಗ್ಯಾಸ್ ಸೋರಿದರೆ ನಿಮಗೆ ತಿಳಿಯಲ್ಲ, ಅಡುಗೆಮನೆಯಲ್ಲಿ ಒಬ್ಬರೇ ಇರುವಾಗ ಹುಷಾರು. ಬಗ್ಗಿದಾಗ ಮೂಗಿನಿಂದ ನೀರಿನಂತೆ ತಿಳಿಯಾದದ್ದು ತೊಟ್ಟಿಕ್ಕಿದರೆ ನೆಗಡಿ ಅಂತ ಸುಮ್ನೆ ಕೂರಬೇಡಿ. ಅದು ಮೆದುಳಿನ ಸುತ್ತಲಿನ ನೀರೇ ಆಗಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕಕ್ಕಡ ತಿಂಗಳ ಮಳೆಯಲ್ಲಿ ಮಾವ ತೆರೆದ ಜೀಪಿನಲ್ಲಿ ಭಾಗಮಂಡಲಕ್ಕೆ ಹೋಗಿ ಬಂದರು. ಮರುದಿನ ಬೆಳಿಗ್ಗೆ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಾಯಿ ಮುಕ್ಕಳಿಸಿದರೆ ನೀರು ಸೋರುತ್ತಿತ್ತು. ಅಕ್ಕಪಕ್ಕದವರು ಲಕ್ವ ಅಂದರು. ಆಸ್ಪತ್ರೆಯಲ್ಲಿ ಲಕ್ವ ಅಲ್ಲ, ಮುಖದ ನರ ಮಾತ್ರ ಅಂದರು. ಹೇಗೆ ಗೊತ್ತಾಗುತ್ತದೆ? ಚಳಿಗಾಳಿಯಿಂದ ಆಗಿದ್ದಾ?

ಉತ್ತರ: ಅವರು ಹಣೆ ನೋಡಿರುತ್ತಾರೆ ಕಣಮ್ಮ.

ಮುಖ ಆಡಿಸುವುದು ಏಳನೇ ನರ. ನಗುವುದು, ಕಣ್ಣು ಮುಚ್ಚುವುದು, ಹುಬ್ಬೇರಿಸುವುದು ಎಲ್ಲ ಅದರ ಕೆಲಸ. ಅದಕ್ಕೆ ಅಪ್ಪಣೆ ಬರುವುದು ಮೆದುಳಿನಿಂದ. ಬಲ ಮೆದುಳಿನ ಅಪ್ಪಣೆ ಎಡ ಮುಖಕ್ಕೆ, ಎಡದ್ದು ಬಲಕ್ಕೆ. ಆದರೆ ಹಣೆಗೆ ಮಾತ್ರ ಎರಡೂ ಕಡೆಯಿಂದ ಲೈನ್ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತಲ್ಲ. ದೂರದಲ್ಲೆಲ್ಲೋ ಒಂದು ಲೈನ್ ಮೇಲೆ ಮರ ಬಿದ್ದರೂ ಎರಡನೇ ಲೈನ್ ಇರುವ ಕೋಣೆಯ ದೀಪ ಆರುವುದಿಲ್ಲ. ಲಕ್ವ ಹಾಗೆ. ಏಟು ಮೇಲೆ, ಮೆದುಳಿನಲ್ಲಿ. ಬಾಯಿ ಸೊಟ್ಟಗಾದರೂ ಹಣೆ ಸುಕ್ಕು ಕಟ್ಟುತ್ತದೆ. ಮನೆ ಮುಂದಿನ ಕಂಬದಿಂದ ಒಳಗೆ ಬರುವ ವೈರೇ ತುಂಡಾದರೆ? ಇಡೀ ಮನೆ ಕತ್ತಲೆ. ಹಣೆ ಏಳದು, ಕಣ್ಣು ಮುಚ್ಚದು, ಬಾಯಿಯೂ ಸೊಟ್ಟ. ಇದಕ್ಕೆ ಬೆಲ್ಸ್ ಪಾಲ್ಸಿ ಅನ್ನುತ್ತಾರೆ. ಸ್ಕಾಟ್ಲೆಂಡ್ ಮೂಲದ ಚಾರ್ಲ್ಸ್ ಬೆಲ್ ಎಂಬ ಸರ್ಜನ್ ಹೆಸರು ಅದು.

ಈ ನರ ಕಿವಿಯ ಹಿಂದಿನ ಮೂಳೆಯಲ್ಲಿ ಸಣ್ಣ ಸುರಂಗದೊಳಗೆ ಹಾದು ಬರುತ್ತದೆ. ನರ ಊದಿಕೊಂಡರೆ ಹಿಗ್ಗಲು ಜಾಗವಿಲ್ಲ, ಮೂಳೆಗೆ ಒತ್ತಿಕೊಂಡು ಸುಮ್ಮನಾಗುತ್ತದೆ. ಊದುವುದಕ್ಕೆ ಹೆಚ್ಚಾಗಿ ಒಳಗೇ ಮಲಗಿದ್ದ ವೈರಸ್ ಎದ್ದದ್ದು ಕಾರಣ ಅಂತ ನಂಬಿಕೆ. ಜೀಪಿನ ಗಾಳಿಯನ್ನೇ ಹಿಡಿದು ಬೈಯುವಷ್ಟು ಪುರಾವೆ ಇಲ್ಲ. ನಮ್ಮಲ್ಲಿ ಆ ತಿಂಗಳು ಗಾಳಿಗೆ ಮುಖ ಕೊಡದವರು ಯಾರಿದ್ದಾರೆ ಹೇಳಿ?

ಮಾತ್ರೆ ಮೊದಲ ಮೂರು ದಿನದೊಳಗೆ ಶುರುವಾದರೆ ಒಳ್ಳೆಯದು. ಹೆಚ್ಚಿನವರು ವಾರಗಳಲ್ಲಿ, ತಿಂಗಳುಗಳಲ್ಲಿ ಗುಣವಾಗುತ್ತಾರೆ. ಅಲ್ಲಿಯವರೆಗೆ ನೋಡಿಕೊಳ್ಳಬೇಕಾದ್ದು ಬಾಯಿಯನ್ನಲ್ಲ, ಕಣ್ಣನ್ನು. ಮುಚ್ಚದ ಕಣ್ಣು ಒಣಗಿ ಹುಣ್ಣಾಗುತ್ತದೆ. ಹಗಲು ಡ್ರಾಪ್ಸ್, ರಾತ್ರಿ ರೆಪ್ಪೆ ಮುಚ್ಚಿಸಿ ಟೇಪ್.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ಓದಿ ಮನೆಯಲ್ಲೇ ಹಣೆ ನೋಡಿ ತೀರ್ಪು ಕೊಡಬೇಡಿ. ಬಾಯಿ ಸೊಟ್ಟಗಾಯಿತಾ, ಒಂದು ಕೈ ಸೋತಿತಾ, ಮಾತು ತೊದಲಿತಾ, 108ಕ್ಕೆ ಫೋನ್ ಮಾಡಿ. ಗಡಿಯಾರ ನೋಡಿ ಹೊತ್ತು ಬರೆದಿಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ನಮ್ಮ ತಿರುವು ರಸ್ತೆಗಳಲ್ಲಿ ಅರ್ಧ ಹೊತ್ತು ದಾರಿಯಲ್ಲೇ ಹೋಗುತ್ತದೆ. 'ಒಂದು ಕಾಫಿ ಕುಡಿದು ಹೊರಡೋಣ' ಬೇಡ. ಕಾಫಿ ಗಂಟಲಲ್ಲಿ ಇಳಿಯದೆ ಶ್ವಾಸಕ್ಕೆ ಹೋದೀತು.

ಪ್ರಶ್ನೆ: ಕಿವಿಗೆ ಕಡ್ಡಿ ಹಾಕಿದ ಕೂಡಲೇ ಕೆಮ್ಮು ಬರುತ್ತದೆ. ಕಿವಿಗೂ ಗಂಟಲಿಗೂ ಏನು ಸಂಬಂಧ?

ಉತ್ತರ: ಹತ್ತನೇ ನರ. ತಲೆಯಿಂದ ಹೊರಟು ಗಂಟಲು, ಶ್ವಾಸಕೋಶ, ಹೃದಯ, ಹೊಟ್ಟೆ ಅಂತ ಊರೆಲ್ಲ ಸುತ್ತುವ ನರ. ಅದರ ಲ್ಯಾಟಿನ್ ಹೆಸರಿಗೇ ಅಲೆಮಾರಿ ಅಂತ ಅರ್ಥ. ಹೊರಡುವಾಗ ಒಂದು ಚಿಕ್ಕ ಕವಲನ್ನು ಕಿವಿಯ ದಾರಿಗೂ ಕೊಟ್ಟು ಹೋಗುತ್ತದೆ. ಅಲ್ಲಿ ಕೆರೆದರೆ ಕೆಲವರ ಮೆದುಳು ಗಂಟಲು ಕೆರೆಯಿತು ಅಂತ ತಿಳಿದು ಕೆಮ್ಮಿಸುತ್ತದೆ. ಅಂದಹಾಗೆ ಕಡ್ಡಿ ಯಾಕೆ ಹಾಕ್ತೀರಿ? ಗುಗ್ಗೆ ತಾನಾಗೇ ಹೊರಗೆ ಬರುತ್ತದೆ.

ಪ್ರಶ್ನೆ: ಬೆಂಗಳೂರಿನ ಸೊಸೆ ಹಂದಿ ಮಾಂಸ ತಿಂದರೆ ಮೆದುಳಿಗೆ ಹುಳ ಹೋಗುತ್ತದೆ ಅಂತ ಮಕ್ಕಳಿಗೆ ಪಂದಿಕರಿ ಬಿಡಿಸಿದ್ದಾಳೆ. ನಾವು ತಲೆತಲಾಂತರದಿಂದ ತಿಂದವರಲ್ವಾ?

ಉತ್ತರ: ಸೊಸೆ ಹೇಳಿದ್ದು ಅರ್ಧ ಸರಿ. ಆದರೆ ಕಳ್ಳ ಬೇರೆ ಬಾಗಿಲಿನಿಂದ ಬರುತ್ತಾನೆ.

ಹುಳದ ಗುಳ್ಳೆ ಇರುವ ಮಾಂಸವನ್ನು ಅರೆಬೇಯಿಸಿ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ. ಮೆದುಳಿಗೆ ಹೋಗುವುದು ಆ ಹುಳವಲ್ಲ, ಅದರ ಮೊಟ್ಟೆಯಿಂದ ಬಂದ ಮರಿ. ಮೊಟ್ಟೆ ಇರುವುದು ಮಾಂಸದಲ್ಲಲ್ಲ, ಹೊಟ್ಟೆಯಲ್ಲಿ ಹುಳ ಇರುವ ಮನುಷ್ಯರ ಮಲದಲ್ಲಿ. ತೊಳೆಯದ ಕೈ, ಹಸಿ ತರಕಾರಿ, ಕೊಳಕು ನೀರಿನ ಮೂಲಕ ಅದು ಬಾಯಿಗೆ ಸೇರುತ್ತದೆ. ಅದಕ್ಕೇ ಹುಟ್ಟಿನಿಂದ ಕೋಳಿಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. ಮೆದುಳಿಗೆ ತನ್ನದೇ ಮೈಯಲ್ಲಿ ನೋವು ತಿಳಿಯುವುದಿಲ್ಲ. ಹಾಗಾಗಿ ಆ ಮರಿಯ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿದ್ದು, ಒಂದು ದಿನ ಫಿಟ್ಸ್ ಆಗಿ ಗೊತ್ತಾಗುತ್ತದೆ. ಔಷಧಿ ಇದೆ. ಚೆನ್ನಾಗಿ ಬೆಂದ ಪಂದಿಕರಿಯನ್ನು ಮಕ್ಕಳಿಗೆ ಕೊಡಿ. ಪಕ್ಕದಲ್ಲಿಡುವ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪನ್ನು ಮಾತ್ರ ಚೆನ್ನಾಗಿ ತೊಳೆಯಿರಿ. ಸೊಸೆಗೆ ಬೈಬೇಡಿ.

ಪ್ರಶ್ನೆ: ನಾನು ಗೋಣಿಕೊಪ್ಪದಲ್ಲಿ ಎರಡನೇ ಪಿಯು ಓದುತ್ತಿದ್ದೇನೆ. ತಲೆಯ 12 ನರಗಳ ಹೆಸರು, ಕೆಲಸ ಎಷ್ಟು ಓದಿದರೂ ಮರೆತುಹೋಗುತ್ತದೆ. ಸುಲಭದ ದಾರಿ ಇದೆಯಾ ಸರ್?

ಉತ್ತರ: ನಮ್ಮ ಕಾಲದಲ್ಲಿ ಒಂದು ಪದ್ಯ ಇತ್ತು, ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಬಾಯಿಪಾಠ ಬಿಡಮ್ಮ, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಮಾಡು. ಐದು ನಿಮಿಷದ ಕೆಲಸ.

ಮೊದಲು ಒಳಗಿನ ನಕ್ಷೆ. ಮೇಲೆ ಮಡಿಕೆ ಮಡಿಕೆಯಾಗಿ ಇರುವುದು ದೊಡ್ಡ ಮೆದುಳು, ಯೋಚನೆ ಮಾತು ಎಲ್ಲ ಅಲ್ಲಿ. ಹಿಂದೆ ಕೆಳಗೆ ಕಿರುಮೆದುಳು, ಬೀಳದ ಹಾಗೆ, ತಡವರಿಸದ ಹಾಗೆ ನಡೆಸುವುದು ಅದು. ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹೆಚ್ಚಿನವು ಆ ಸಣ್ಣ ಕಿರುಮೆದುಳಿನಲ್ಲೇ ಇವೆ. ನಡುವೆ ಕೆಳಕ್ಕೆ ಇಳಿಯುವುದು ಕಾಂಡ. ಉಸಿರು, ಎದೆಬಡಿತ ಅದರ ಹಿಡಿತದಲ್ಲಿ. ಮೊದಲ ಎರಡು ನರ ಬಿಟ್ಟರೆ ಉಳಿದವು ಹೆಚ್ಚಾಗಿ ಈ ಕಾಂಡಕ್ಕೇ ಸೇರಿದವು, ಮೇಲಿನಿಂದ ಕೆಳಕ್ಕೆ ಸಾಲಾಗಿ. ನಂಬರು ಕೊಟ್ಟಿದ್ದೂ ಆ ಸಾಲಿನಂತೆಯೇ. ಪ್ರಾಚೀನ ಕಾಲದ ಗ್ರೀಕ್ ವೈದ್ಯ ಗ್ಯಾಲೆನ್ ಏಳು ಜೋಡಿ ಎಣಿಸಿದ್ದ. 12 ಅಂತ ಈಗಿನ ಲೆಕ್ಕ ಕೊಟ್ಟಿದ್ದು ಜರ್ಮನಿಯ ಸೋಮರಿಂಗ್, 1778ರಲ್ಲಿ. ಆಗ ಅವನಿಗೆ 23 ವರ್ಷ, ಅವನೂ ಪರೀಕ್ಷೆಗೆ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಯೇ.

ಈಗ ಅಜ್ಜಿ. ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಗೆ ಕಾಫಿ ಪುಡಿ ಹಿಡಿ, ಅದು ಒಂದು. ಗೋಡೆಯ ಕ್ಯಾಲೆಂಡರ್ ಓದಿಸು, ಎರಡು. ತಲೆ ಅಲ್ಲಾಡಿಸದೆ ನಿನ್ನ ಬೆರಳನ್ನು ಕಣ್ಣಲ್ಲೇ ಹಿಂಬಾಲಿಸಲಿ, ಮೂರು, ನಾಲ್ಕು, ಆರು ಒಟ್ಟಿಗೆ ಮುಗಿಯಿತು. ನಾಲ್ಕನೆಯದು ಎಲ್ಲಕ್ಕಿಂತ ತೆಳು. ಅದು ಕೆಟ್ಟರೆ ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ. ಹತ್ತಿಯ ಎಳೆಯಿಂದ ಕೆನ್ನೆ ಸವರಿ ಹಲ್ಲು ಕಚ್ಚಿಸು, ಐದು. ನಗಿಸು, ಏಳು. ಕಿವಿ ಹತ್ತಿರ ಬೆರಳು ಉಜ್ಜು, ಎಂಟು. 'ಆ' ಅನ್ನಿಸಿ ಕಿರುನಾಲಗೆ ನೋಡು, ನೇರ ಮೇಲಕ್ಕೆ ಹೋದರೆ ಒಂಬತ್ತು, ಹತ್ತು ಸರಿ ಇವೆ. ಹೆಗಲು ಏರಿಸಲಿ, ಹನ್ನೊಂದು. ನಾಲಗೆ ಚಾಚಲಿ, ಹನ್ನೆರಡು. ಸೋತ ಕಡೆಗೇ ನಾಲಗೆ ವಾಲುತ್ತದೆ, ಪರೀಕ್ಷೆಯಲ್ಲಿ ಎಲ್ಲರೂ ಉಲ್ಟಾ ಬರೆಯುವುದು ಇದನ್ನೇ.

ಕಾಫಿ ಪುಡಿ ಹೊಸದಿರಲಿ. ಹಳೇ ಪುಡಿಗೆ ಘಮ ಇರಲ್ಲ, ಆಮೇಲೆ ಪಾಪ ಅಜ್ಜಿಯ ನರದ ಮೇಲೆ ತಪ್ಪು ಹೊರಿಸುತ್ತೀಯ.